ಶ್ರದ್ಧಾವಂತ ಖಳನಾಯಕ

1957ರ ‘ದಿ ಕರ್ಸ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಒಂದು ಕೊಲೆ ನಡೆಯುತ್ತದೆ. ನೋಡುವವರ ಎದೆ ಝಲ್ಲೆನ್ನುವುದು ಮಾತ್ರ ಅದರ ಮರುಕ್ಷಣ ಬರುವ ತಿಂಡಿಯ ದೃಶ್ಯದಿಂದ. ತನ್ನನ್ನು ಮದುವೆಯಾಗಬೇಕೆಂದು ಪಟ್ಟುಹಿಡಿದು, ಇಲ್ಲದಿದ್ದರೆ ಗುಟ್ಟನ್ನೆಲ್ಲ ಹೊರಹಾಕುವೆನೆಂದು ಬೆದರಿಸಿದ ಮನೆಗೆಲಸದ ಜಸ್ಟೀನ್‌ಳನ್ನು ಬ್ಯಾರನ್ ಫ್ರಾಂಕೆನ್‌ಸ್ಟೈನ್ ತಾನೇ ಸೃಷ್ಟಿಸಿದ ಜೀವಿಯ ಜೊತೆ ಕೂಡಿಹಾಕಿ ಬೀಗ ಜಡಿಯುತ್ತಾನೆ. ಅವಳ ಚೀರಾಟದ ಬೆನ್ನಲ್ಲೇ ಬೆಳಗಾಗುತ್ತದೆ. ಉಪಾಹಾರದ ಮೇಜಿಗೆ ಕುಳಿತ ಬ್ಯಾರನ್, ತನ್ನನ್ನು ಮದುವೆಯಾಗಲಿರುವ ಎಲಿಜಬೆತ್‌ಳಿಗೆ ಮಾರ್ಮಲೇಡ್ ಇತ್ತ ಕೊಡುವಂತೆ ಹೇಳುತ್ತಾನೆ. ದನಿಯಲ್ಲಿ ಅಳುಕಿಲ್ಲ, ತುಟಿಯಲ್ಲಿ ಕುಹಕವಿಲ್ಲ. ರಾತ್ರಿಯ ಕೆಲಸ ರಾತ್ರಿಗೆ ಮುಗಿಯಿತು, ಈಗ ತಿಂಡಿಯ ಹೊತ್ತು, ಅಷ್ಟೇ. ಈ ಪಾತ್ರ ಮಾಡಿದ ಪೀಟರ್ ಕುಶಿಂಗ್ ಬ್ರಿಟಿಷ್ ಚಿತ್ರರಂಗದ ಹೆಸರಾಂತ ಪೋಷಕ ನಟರಲ್ಲೊಬ್ಬರು. ಖಳರ ಪಟ್ಟಿ ಯಾರೇ ಮಾಡಿದರೂ ಅದರಲ್ಲಿ ಅವರ ಹೆಸರು ಬಿಟ್ಟುಹೋಗುವುದಿಲ್ಲ. ಅವರ ವೃತ್ತಿಜೀವನವನ್ನು ಒಟ್ಟಾಗಿ ನೋಡಿದರೆ ಒಂದು ವಿಚಾರ ಸ್ಪಷ್ಟವಾಗುತ್ತದೆ: ತೆರೆಯ ಮೇಲೆ ಕೆಡುಕು ನಿಜವೆನಿಸುವುದು ನಟ ಕೆಟ್ಟತನವನ್ನು ಅಭಿನಯಿಸಿದಾಗಲ್ಲ, ಪಾತ್ರದ ಕೆಲಸವನ್ನು ಶ್ರದ್ಧೆಯಿಂದ ಮಾಡಿ ತೋರಿಸಿದಾಗ.

ಕುಶಿಂಗ್ 1913ರಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಕೆನ್ಲಿಯಲ್ಲಿ ಹುಟ್ಟಿದರು. ತಂದೆ ಕಟ್ಟಡಗಳ ಅಳತೆ, ಅಂದಾಜು ಲೆಕ್ಕ ಹಾಕುವ ಸರ್ವೇಯರ್. ಮಗನ ಮೊದಲ ನೌಕರಿಯೂ ಸ್ಥಳೀಯ ಆಡಳಿತದ ಸರ್ವೆ ಕಚೇರಿಯಲ್ಲೇ. ಅಲ್ಲಿಂದ ತಪ್ಪಿಸಿಕೊಂಡು 1930ರ ದಶಕದ ನಡುವಿನಲ್ಲಿ ವರ್ದಿಂಗ್ ಊರಿನ ರೆಪರ್ಟರಿ ನಾಟಕ ಕಂಪನಿ ಸೇರಿದರು. 1939ರಲ್ಲಿ ಹಾಲಿವುಡ್‌ಗೆ ಹೋಗಿ, ಲಾರೆಲ್ ಮತ್ತು ಹಾರ್ಡಿಯವರ ಒಂದು ಚಿತ್ರವೂ ಸೇರಿದಂತೆ ಸಣ್ಣಪುಟ್ಟ ಪಾತ್ರ ಮಾಡಿ, ಯುದ್ಧದ ನಡುವೆ 1942ರಲ್ಲಿ ತಾಯ್ನಾಡಿಗೆ ಮರಳಿದರು. 1948ರಲ್ಲಿ ಲಾರೆನ್ಸ್ ಒಲಿವಿಯರ್ ತೆಗೆದ ‘ಹ್ಯಾಮ್ಲೆಟ್’ ಚಿತ್ರದಲ್ಲಿ ಓಸ್ರಿಕ್ ಆದರು. ಆಮೇಲೂ ಕೆಲಸವಿಲ್ಲದ ದಿನಗಳು ಬಂದವು. ರೇಷ್ಮೆ ಸ್ಕಾರ್ಫ್‌ಗಳ ಮೇಲೆ ಚಿತ್ರ ಬಿಡಿಸಿ ಹೊಟ್ಟೆ ಹೊರೆದದ್ದೂ ಉಂಟು. ಅವರನ್ನು ಮನೆಮಾತಾಗಿಸಿದ್ದು ಟೆಲಿವಿಷನ್. 1952ರಲ್ಲಿ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ನ ನಾಯಕ ಡಾರ್ಸಿಯಾಗಿ ಬಿಬಿಸಿಯಲ್ಲಿ ಕಾಣಿಸಿಕೊಂಡ ಅವರು, 1954ರ ಡಿಸೆಂಬರ್‌ನಲ್ಲಿ ಜಾರ್ಜ್ ಆರ್ವೆಲ್‌ರ ‘ನೈಂಟೀನ್ ಎಯ್ಟಿ-ಫೋರ್’ ನೇರಪ್ರಸಾರದಲ್ಲಿ ಚಿತ್ರಹಿಂಸೆಗೆ ಕುಗ್ಗಿಹೋಗುವ ವಿನ್‌ಸ್ಟನ್ ಸ್ಮಿತ್ ಆದರು. ಆ ಪ್ರಸಾರದ ಕ್ರೌರ್ಯದ ಬಗ್ಗೆ ಸಂಸತ್ತಿನವರೆಗೂ ಗದ್ದಲ ಹೋಯಿತು. ಅಂದರೆ ಖಳನ ಪಾತ್ರ ಅವರ ಬಾಗಿಲಿಗೆ ಬಂದಾಗ ಅವರಿಗೆ ನಲವತ್ತು ದಾಟಿತ್ತು, ಮತ್ತು ಆಗ ದೇಶ ಅವರನ್ನು ಬಲ್ಲದ್ದು ಕೆಡುಕಿಗೆ ಬಲಿಯಾದವನ ಮುಖವಾಗಿ.

ಹಾಗಿರುವಾಗ ಖಳನಾದದ್ದು ಹೇಗೆ? ಅದರಲ್ಲಿ ಕಾನೂನಿನ ಒಂದು ಪೇಚೂ ಪಾಲು ಪಡೆದಿದೆ. 1931ರಲ್ಲಿ ಅಮೆರಿಕದ ಯೂನಿವರ್ಸಲ್ ಸಂಸ್ಥೆ ತೆಗೆದ ‘ಫ್ರಾಂಕೆನ್‌ಸ್ಟೈನ್’ನಲ್ಲಿ ಜನರ ಮನಸ್ಸು ಗೆದ್ದದ್ದು ಬೋರಿಸ್ ಕಾರ್ಲಾಫ್‌ರ ಜೀವಿ, ಆ ಚಪ್ಪಟೆ ನೆತ್ತಿ, ಕತ್ತಿನ ಬೋಲ್ಟುಗಳು ಆ ಕಂಪನಿಯ ಸ್ವತ್ತು. ಲಂಡನ್ನಿನ ಹೊರವಲಯದಲ್ಲಿ ಥೇಮ್ಸ್ ದಡದ ಬ್ರೇ ಎಂಬಲ್ಲಿ ಹಳೆಯ ಮನೆಯೊಂದನ್ನೇ ಸ್ಟುಡಿಯೋ ಮಾಡಿಕೊಂಡಿದ್ದ ಹ್ಯಾಮರ್ ಎಂಬ ಸಣ್ಣ ಕಂಪನಿ ಅದೇ ಕಥೆಯನ್ನು ಬಣ್ಣದಲ್ಲಿ ತೆಗೆಯಲು ಹೊರಟಾಗ ಆ ರೂಪವನ್ನು ಮುಟ್ಟುವಂತಿರಲಿಲ್ಲ. ಕಾದಂಬರಿಗೆ ಹಕ್ಕಿನ ತೊಡಕಿರಲಿಲ್ಲ, ಮುಖಕ್ಕಿತ್ತು. ಹಾಗಾಗಿ ಚಿತ್ರಕಥೆ ಬರೆದ ಜಿಮ್ಮಿ ಸ್ಯಾಂಗ್‌ಸ್ಟರ್ ಮತ್ತು ನಿರ್ದೇಶಕ ಟೆರೆನ್ಸ್ ಫಿಶರ್ ಕಥೆಯ ಭಾರವನ್ನು ಜೀವಿಯಿಂದ ಜೀವಿಯ ಕರ್ತೃವಿಗೆ ವರ್ಗಾಯಿಸಿದರು. ಕ್ರಿಸ್ಟೋಫರ್ ಲೀ ಮಾಡಿದ ಜೀವಿ ಅಲ್ಲಿ ಪಾಪದ ಪ್ರಾಣಿ. ರಾಕ್ಷಸ ಅದನ್ನು ಹೊಲಿದವನು. ಆದರೆ ಈ ರಾಕ್ಷಸನಿಗೆ ಮೇಕಪ್ ಇಲ್ಲ, ಕೋರೆಹಲ್ಲಿಲ್ಲ, ಒಳ್ಳೆಯ ಕೋಟು ತೊಟ್ಟ ಸುಶಿಕ್ಷಿತ ಅವನು. ಭಯ ಹುಟ್ಟಿಸುವ ಹೊರಗಿನ ಸಾಧನಗಳನ್ನೆಲ್ಲ ಕಿತ್ತುಕೊಂಡ ಮೇಲೆ ಉಳಿದದ್ದು ನಟನೊಬ್ಬನೇ. ಸುಮಾರು 65,000 ಪೌಂಡ್ ವೆಚ್ಚದ ಆ ಚಿತ್ರ ಅದರ ಹಲವು ಪಟ್ಟು ಗಳಿಸಿತು. ಕುಶಿಂಗ್ 1974ರವರೆಗೆ ಒಟ್ಟು 6 ಚಿತ್ರಗಳಲ್ಲಿ ಬ್ಯಾರನ್ ಆದರು.

ಆ ಖಾಲಿ ಜಾಗವನ್ನು ಅವರು ತುಂಬಿದ್ದು ಕೈಗಳಿಂದ. ದೃಶ್ಯದಲ್ಲಿ ಬಳಸುವ ವಸ್ತುಗಳ ಮೇಲೆ ಅವರಿಗಿದ್ದ ಮೋಹ ನೋಡಿ ಸಹನಟರು ಅವರನ್ನು ‘ಪ್ರಾಪ್ಸ್ ಪೀಟರ್’ ಎಂದೇ ಕರೆಯುತ್ತಿದ್ದರು. ಕನ್ನಡಕ, ಭೂತಗನ್ನಡಿ, ಚಾಕು, ಕೈಗವಸು, ಪೈಪು, ಏನೇ ಕೊಟ್ಟರೂ ಅದನ್ನು ಹಿಡಿಯುವ, ಒರೆಸುವ, ಕೆಳಗಿಡುವ ರೀತಿಯಲ್ಲಿ ಪಾತ್ರದ ಬದುಕು ಕಾಣುವಂತೆ ಮಾಡುತ್ತಿದ್ದರು. ಮೊದಲ ಚಿತ್ರದಲ್ಲಿ ಬ್ಯಾರನ್ ಹೆಣದ ಮೇಲೆ ಕೆಲಸ ಮಾಡುತ್ತ ಕೈಗೆ ಮೆತ್ತಿದ ರಕ್ತವನ್ನು ತನ್ನ ಬೆಲೆಬಾಳುವ ಕೋಟಿಗೇ ಒರೆಸಿಕೊಳ್ಳುತ್ತಾನೆ. ಆ ಒಂದು ಚಲನೆ ಎಷ್ಟು ಹೇಳುತ್ತದೆ ನೋಡಿ: ಇವನಿಗೆ ರಕ್ತದ ಬಗ್ಗೆ ಹೇಸಿಗೆಯಿಲ್ಲ, ಹೆಣದ ಬಗ್ಗೆ ಗೌರವವಿಲ್ಲ, ಬಟ್ಟೆಯ ಬಗ್ಗೆ ಜಂಭವೂ ಇಲ್ಲ, ಗಮನವೆಲ್ಲ ಮುಂದಿನ ಹೆಜ್ಜೆಯ ಮೇಲೆ. ಕಾರ್ಖಾನೆಯಲ್ಲಿ ಯಂತ್ರ ಬಿಚ್ಚಿ ಕೂತ ಮೆಕ್ಯಾನಿಕ್‌ನ ತನ್ಮಯತೆ ಅದು. ಕಣ್ಣು ಕೆಂಪಾಗಿಸಿ ಅಟ್ಟಹಾಸ ಮಾಡುವ ನಟ ತಾನು ಮಾಡುತ್ತಿರುವುದು ಪಾಪವೆಂದು ನೋಡುವವರಿಗೆ ಮೊದಲೇ ಹೇಳಿಬಿಡುತ್ತಾನೆ, ಹೀಗೆ ತೀರ್ಪು ಹೇಳುವ ಕೆಲಸವನ್ನು ತಾನೇ ಮಾಡಿ ಮುಗಿಸುತ್ತಾನೆ. ಕುಶಿಂಗ್ ಆ ಕೆಲಸವನ್ನು ನಮಗೆ ಬಿಟ್ಟರು. ಆದ್ದರಿಂದಲೇ ಹಿಂಸೆ ಹೆಚ್ಚಾಗುತ್ತದೆ.

ಇದು ಖಳನ ಪಾತ್ರಕ್ಕೆಂದು ಅವರು ಕಂಡುಕೊಂಡ ತಂತ್ರವಲ್ಲ ಎಂಬುದಕ್ಕೆ ಪುರಾವೆ ಮರುವರ್ಷವೇ ಸಿಗುತ್ತದೆ. 1958ರ ‘ಡ್ರಾಕುಲಾ’ದಲ್ಲಿ ಕುಶಿಂಗ್ ರಕ್ತಪಿಶಾಚಿಯನ್ನು ಬೇಟೆಯಾಡುವ ವೈದ್ಯ ವ್ಯಾನ್ ಹೆಲ್ಸಿಂಗ್. ಕೊನೆಯ ಕಾಳಗದಲ್ಲಿ ಮೇಜಿನ ಮೇಲೆ ಓಡಿ ಪರದೆ ಹರಿದು ಬಿಸಿಲು ಒಳಬಿಡುವುದು, ಎರಡು ಮೇಣದಬತ್ತಿಯ ಕಂಬಗಳನ್ನು ಅಡ್ಡಡ್ಡ ಹಿಡಿದು ಶಿಲುಬೆ ಮಾಡುವುದು ಅವರೇ ಸೂಚಿಸಿದ್ದು. ಜೇಬಿನಿಂದ ಮತ್ತೊಂದು ಶಿಲುಬೆ ತೆಗೆದರೆ ಅದು ಅಂಗಡಿಯಲ್ಲಿ ಕೊಂಡ ಆಯುಧ. ಕೈಗೆ ಸಿಕ್ಕಿದ್ದನ್ನೇ ಶಿಲುಬೆಯಾಗಿಸಿದರೆ ಅದು ಆ ಮನುಷ್ಯನ ಬುದ್ಧಿ. ಬ್ಯಾರನ್‌ನಲ್ಲಿ ಕಂಡ ಅದೇ ಚುರುಕು, ಅದೇ ಏಕಾಗ್ರತೆ, ತನಗೆ ಗೊತ್ತಿದೆಯೆಂಬ ಅದೇ ನೆಚ್ಚಿಕೆ ಇಲ್ಲಿ ಜೀವ ಉಳಿಸುತ್ತದೆ. ನಟ ಆಂಡ್ರೆ ಮೊರೆಲ್ ಜೊತೆಗಿನ 3 ಕೃತಿಗಳನ್ನು ಪಕ್ಕಪಕ್ಕ ಇಟ್ಟರೆ ಇದು ಇನ್ನೂ ನಿಚ್ಚಳ. 1954ರ ಆರ್ವೆಲ್ ನಾಟಕದಲ್ಲಿ ಮೊರೆಲ್ ಹಿಂಸಕ ಓಬ್ರಿಯನ್, ಕುಶಿಂಗ್ ಬಲಿಪಶು. 1959ರ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ನಲ್ಲಿ ಕುಶಿಂಗ್ ಷರ್ಲಾಕ್ ಹೋಮ್ಸ್, ಮೊರೆಲ್ ನೆಚ್ಚಿನ ಗೆಳೆಯ ವಾಟ್ಸನ್. 1961ರ ‘ಕ್ಯಾಶ್ ಆನ್ ಡಿಮಾಂಡ್’ನಲ್ಲಿ ಮೊರೆಲ್ ನಗುನಗುತ್ತ ಬ್ಯಾಂಕು ದೋಚಲು ಬಂದ ವಂಚಕ, ಕುಶಿಂಗ್ ಕೈಕೆಳಗಿನವರನ್ನು ಶಿಸ್ತಿನ ಹೆಸರಲ್ಲಿ ಹಿಂಡುವ ಬ್ಯಾಂಕ್ ಮ್ಯಾನೇಜರ್ ಫೋರ್ಡೈಸ್. ಈ ಕೊನೆಯದರಲ್ಲಿ ಕಾನೂನು ಮುರಿಯುವವನು ಹಿತವಾಗಿ ಕಾಣುತ್ತಾನೆ, ಕಾನೂನು ಪಾಲಿಸುವವನು ಕ್ರೂರನಾಗಿ. ಮುಖಗಳು ಅವೇ, ದನಿಗಳು ಅವೇ. ಸಾಮರ್ಥ್ಯ ಯಾವುದಕ್ಕೆ ದುಡಿಯುತ್ತಿದೆ ಎಂಬುದಷ್ಟೇ ಬೇರೆ.

ಇಲ್ಲಿಂದ ಮುಂದಕ್ಕೆ ವಾದ ಒಂದು ಹೆಜ್ಜೆ ಹೋಗುತ್ತದೆ. ನಾಯಕನಿಗೂ ಖಳನಿಗೂ ಒಂದೇ ಸಾಮಗ್ರಿ ಸಾಕಾದರೆ, ಖಳತನವೆಂಬುದು ಪ್ರತ್ಯೇಕ ಗುಣವಲ್ಲ. ಒಳ್ಳೆಯ ಗುಣವೊಂದಕ್ಕೆ ತಡೆಯೇ ಇಲ್ಲದಂತಾದ ಸ್ಥಿತಿ ಅದು. 1958ರ ‘ದಿ ರಿವೆಂಜ್ ಆಫ್ ಫ್ರಾಂಕೆನ್‌ಸ್ಟೈನ್’ ಇದಕ್ಕೆ ಒಳ್ಳೆಯ ಸಾಕ್ಷಿ. ಮೊದಲ ಚಿತ್ರದ ಕೊನೆಯಲ್ಲಿ ಎದುರಾದ ಗಿಲೊಟಿನ್‌ನಿಂದ ಪಾರಾದ ಬ್ಯಾರನ್ ಹೆಸರು ಬದಲಿಸಿ ಬಡವರ ಆಸ್ಪತ್ರೆ ನಡೆಸುತ್ತಾನೆ. ಚಿಕಿತ್ಸೆ ನಾಟಕವಲ್ಲ, ಅವನು ನಿಜವಾಗಿ ಗುಣಪಡಿಸುತ್ತಾನೆ. ಜೊತೆಗೇ ತನ್ನ ಪ್ರಯೋಗಕ್ಕೆ ಬೇಕಾದ ಅಂಗಗಳನ್ನು ಅದೇ ರೋಗಿಗಳಿಂದ ಕತ್ತರಿಸಿಕೊಳ್ಳುತ್ತಾನೆ. ಜೇಬುಗಳ್ಳನೊಬ್ಬನ ನುರಿತ ತೋಳು ಅವನಿಗೆ ಬೇಕೆನಿಸಿದರೆ ಆ ತೋಳು ಹೋಯಿತೆಂದೇ ಲೆಕ್ಕ. ಕುಶಿಂಗ್ ಎರಡಕ್ಕೂ ಒಂದೇ ಮುಖ ಇಟ್ಟರು. ಉಪಕಾರ ಮಾಡುವಾಗ ಕಪಟದ ಸುಳಿವು ಕೊಡಲಿಲ್ಲ, ಕತ್ತರಿಸುವಾಗ ಕಟುಕನ ಸಂತೋಷ ತೋರಲಿಲ್ಲ. ಹಾಗೆ ಒಂದು ಕಣ್ಸನ್ನೆ ಮಾಡಿದ್ದರೂ ಪ್ರೇಕ್ಷಕರಿಗೆ ಸಮಾಧಾನವಾಗುತ್ತಿತ್ತು: ಓ, ಈ ಆಸ್ಪತ್ರೆ ಬರೀ ಮುಖವಾಡ ಎಂದು. ಆ ಸಮಾಧಾನ ಸಿಗದಿದ್ದಾಗಲೇ ಕಷ್ಟದ ಪ್ರಶ್ನೆ ಏಳುವುದು: ಗುಣಪಡಿಸುವ ಕೈ ಮತ್ತು ಕದಿಯುವ ಕೈ ಎರಡೂ ಒಂದೇ ಆದರೆ ಏನು ಮಾಡುವುದು? ಸತ್ಯ ತಿಳಿದ ರೋಗಿಗಳು ಕೊನೆಗೆ ಅವನ ಮೇಲೆ ಬಿದ್ದು ಸಾಯಬಡಿಯುತ್ತಾರೆ. ಅವರ ಸಿಟ್ಟು ನಮಗೆ ನ್ಯಾಯವೆನಿಸುತ್ತದೆ. ಆಸ್ಪತ್ರೆ ಮುಚ್ಚಿದರೆ ಅವರಿಗೆ ಮದ್ದು ಕೊಡುವವರಾರು ಎಂಬ ಕಳವಳವೂ ಬಿಡುವುದಿಲ್ಲ.

ಇಷ್ಟೆಲ್ಲ ಅರ್ಥವನ್ನು ಅಗ್ಗದ ದೆವ್ವದ ಸಿನಿಮಾಗಳ ಮೇಲೆ ಹೇರುವುದು ಅತಿಯಾಯಿತು ಎಂದು ಯಾರಾದರೂ ಹೇಳಬಹುದು. ಅಂದಿನ ವಿಮರ್ಶಕರು ಅದನ್ನೇ ಹೇಳಿದ್ದರು. ಲಂಡನ್ನಿನ ದೊಡ್ಡ ಪತ್ರಿಕೆಗಳು ಹ್ಯಾಮರ್‌ನ ಮೊದಲ ‘ಫ್ರಾಂಕೆನ್‌ಸ್ಟೈನ್’ ಅನ್ನು ಹೇಸಿಗೆಯೆಂದೇ ಬರೆದವು. ಒಲಿವಿಯರ್ ಜೊತೆ ರಂಗದಲ್ಲಿ ನಿಂತ ನಟ ಶವಪೆಟ್ಟಿಗೆಗಳ ನಡುವೆ ಕಳೆದುಹೋದನಲ್ಲ ಎಂಬ ಮರುಕವೂ ಇದ್ದೇ ಇದೆ. ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ: ಹ್ಯಾಮರ್ ಚಿತ್ರಗಳಲ್ಲಿ ಕಥೆಯ ತೂತುಗಳಿವೆ, ಒಂದೇ ಸೆಟ್ಟನ್ನು ತಿರುಗಿಸಿ ಮುರುಗಿಸಿ ಬಳಸಿದ ಜುಗ್ಗತನವಿದೆ, ಕುಶಿಂಗ್ ಒಪ್ಪಿಕೊಂಡ ಚಿತ್ರಗಳಲ್ಲಿ ನೆನಪಿಡಲಾಗದವೂ ಬೇಕಾದಷ್ಟಿವೆ. ಆದರೆ ಇದೇ ಬಡತನ ನಮ್ಮ ವಾದಕ್ಕೆ ಪ್ರಯೋಗಶಾಲೆಯಾಗುತ್ತದೆ. ದೊಡ್ಡ ಚಿತ್ರದಲ್ಲಿ ದೃಶ್ಯ ಗೆದ್ದರೆ ಹಣಕ್ಕೆಷ್ಟು ಪಾಲು, ಸಂಭಾಷಣೆಗೆಷ್ಟು, ನಟನಿಗೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಕೆಲವೇ ವಾರಗಳಲ್ಲಿ, ಕೆಲವೇ ಕೋಣೆಗಳಲ್ಲಿ ತೆಗೆದ ಚಿತ್ರದಲ್ಲಿ ಅಂಥ ಗೊಂದಲವಿಲ್ಲ. ಪ್ರಯೋಗಾಲಯದ ಬಣ್ಣದ ನೀರು ನಂಬುವಂತೆ ಕಂಡರೆ, ಅದನ್ನು ಅವರು ಎಚ್ಚರಿಕೆಯಿಂದ ಅಳೆದು ಸುರಿಯುವುದರಿಂದಲೇ ಹಾಗೆ ಕಾಣುತ್ತದೆ. ಅವರು ಪಳಗಿದ ರೆಪರ್ಟರಿ ರಂಗಭೂಮಿ ಕಲಿಸಿದ್ದೂ ಅದನ್ನೇ: ತಾಲೀಮಿಗೆ ಸಮಯ ಕಡಿಮೆ, ನಾಟಕಗಳು ಒಂದರ ಹಿಂದೊಂದು, ಕೈಯಲ್ಲಿರುವುದರಿಂದಲೇ ಮನುಷ್ಯನನ್ನು ಕಟ್ಟಬೇಕು.

ನಟನ ಶ್ರದ್ಧೆಗೆ ಜಾಗವಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೂ ಅದೇ ಸರಣಿಯಲ್ಲಿ ಉದಾಹರಣೆಯಿದೆ. 1969ರ ‘ಫ್ರಾಂಕೆನ್‌ಸ್ಟೈನ್ ಮಸ್ಟ್ ಬಿ ಡಿಸ್ಟ್ರಾಯ್ಡ್’ನಲ್ಲಿ ಬ್ಯಾರನ್ ಯುವ ವೈದ್ಯನೊಬ್ಬನ ಸಣ್ಣ ಅಪರಾಧವನ್ನು ಹಿಡಿದು ಅವನನ್ನೂ ಅವನ ಪ್ರೇಯಸಿಯನ್ನೂ ಆಳುಗಳನ್ನಾಗಿ ಮಾಡಿಕೊಳ್ಳುತ್ತಾನೆ. ಪೂರ್ತಿ ಲೆಕ್ಕಾಚಾರದ ಕ್ರೌರ್ಯ. ಚಿತ್ರೀಕರಣ ಬಹಳ ಮುಂದುವರಿದ ಮೇಲೆ, ಮಾರುಕಟ್ಟೆಗೆ ಬೇಕೆಂದು ಹ್ಯಾಮರ್‌ನ ಮುಖ್ಯಸ್ಥರು ಒಂದು ಅತ್ಯಾಚಾರದ ದೃಶ್ಯವನ್ನು ತುರುಕಿಸಿದರು. ಕುಶಿಂಗ್‌ಗೆ ಅದು ಒಪ್ಪಿಗೆಯಿರಲಿಲ್ಲ, ಫಿಶರ್‌ಗೂ ಇರಲಿಲ್ಲ. ಇವತ್ತು ನೋಡಿದರೆ ಆ ದೃಶ್ಯ ಹಿಂದುಮುಂದಿಲ್ಲದೆ ನಿಂತಿದೆ: ಆಮೇಲಿನ ದೃಶ್ಯಗಳಲ್ಲಿ ಅದರ ನೆರಳೂ ಇಲ್ಲ. ಕೆಡುಕಿನ ಅಳತೆಯಲ್ಲಿ ಅದು ಚಿತ್ರದ ಅತ್ಯಂತ ಘೋರ ಕೃತ್ಯ, ಪಾತ್ರದ ಅಳತೆಯಲ್ಲಿ ಅತ್ಯಂತ ಸುಳ್ಳು. ಅದು ಬ್ಯಾರನ್‌ನ ಕೆಲಸದೊಳಗಿಂದ ಹುಟ್ಟಿದ್ದಲ್ಲ, ಖಳನಿಗೆ ಇನ್ನಷ್ಟು ಕಪ್ಪು ಬಳಿಯೋಣವೆಂದು ಹೊರಗಿನಿಂದ ಅಂಟಿಸಿದ್ದು. ಪಾಪಗಳ ಸಂಖ್ಯೆ ಹೆಚ್ಚಿಸಿದರೆ ಖಳ ದೊಡ್ಡವನಾಗುತ್ತಾನೆಂಬ ನಂಬಿಕೆ ಎಷ್ಟು ಪೊಳ್ಳು ಎಂಬುದಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ.

ಜಗತ್ತಿನ ಬಹುಪಾಲು ಜನ ಕುಶಿಂಗ್‌ರನ್ನು ಕಂಡಿರುವುದು 1977ರ ‘ಸ್ಟಾರ್ ವಾರ್ಸ್’ನಲ್ಲಿ, ಗ್ರ್ಯಾಂಡ್ ಮಾಫ್ ಟಾರ್ಕಿನ್ ಆಗಿ. ತೆರೆಯ ಮೇಲಿರುವ ಹೊತ್ತು ಕಡಿಮೆ, ಆಯುಧವಿಲ್ಲ, ಕಾಳಗವಿಲ್ಲ. ಪಕ್ಕದಲ್ಲಿ ನಿಂತವನು ಡಾರ್ತ್ ವೇಡರ್: ಎತ್ತರದ ದೇಹ, ಕಪ್ಪು ಮುಖವಾಡ, ಯಂತ್ರದ ಉಸಿರು, ಜೇಮ್ಸ್ ಅರ್ಲ್ ಜೋನ್ಸ್‌ರ ಕಂಠ. ಹೆದರಿಸಲು ಬೇಕಾದ ಸರಕೆಲ್ಲ ಆ ಕಡೆಗಿದೆ. ಆದರೂ ವೇಡರ್ ಅಧಿಕಾರಿಯೊಬ್ಬನ ಕುತ್ತಿಗೆ ಹಿಸುಕುತ್ತಿರುವಾಗ ಬಿಡು ಎಂದು ಟಾರ್ಕಿನ್ ಹೇಳಿದರೆ ವೇಡರ್ ಬಿಡುತ್ತಾನೆ. ಬಡಕಲು ಮುದುಕನ ಆ ಮಾತು ನಡೆಯುತ್ತದೆಂದು ನಾವೂ ನಂಬುತ್ತೇವೆ. ವೇಡರ್‌ನ ಉಡುಪಿನೊಳಗಿದ್ದ ಡೇವಿಡ್ ಪ್ರೌಸ್ 1974ರ ಕೊನೆಯ ಬ್ಯಾರನ್ ಚಿತ್ರದಲ್ಲಿ ಕುಶಿಂಗ್ ಕೈಯಿಂದ ಹುಟ್ಟಿದ ಜೀವಿಯಾಗಿದ್ದರು. 3 ವರ್ಷದ ನಂತರವೂ ಇಬ್ಬರ ಸಂಬಂಧ ಬದಲಾಗಲಿಲ್ಲ ಎನ್ನಬೇಕು. ಬೂಟು ಬಿಗಿಯಾಗಿ ಕಾಲು ನೋಯುತ್ತಿದ್ದುದರಿಂದ ಕುಶಿಂಗ್ ಹಲವು ದೃಶ್ಯಗಳನ್ನು ಮನೆಯ ಚಪ್ಪಲಿ ಮೆಟ್ಟಿಕೊಂಡೇ ಮುಗಿಸಿದರು, ಕ್ಯಾಮೆರಾ ಕಾಲಿನತ್ತ ಇಳಿಯದಂತೆ ನೋಡಿಕೊಂಡಿತು. ಗ್ರಹವೊಂದನ್ನು ಜನರ ಸಮೇತ ಸುಟ್ಟುಹಾಕುವ ಆಜ್ಞೆಯನ್ನು ಟಾರ್ಕಿನ್ ಕಡತಕ್ಕೆ ಸಹಿ ಹಾಕುವ ಅಧಿಕಾರಿಯ ಹಾಗೆ ಕೊಡುತ್ತಾನೆ. ಕೊನೆಗೆ ಸ್ವಂತ ಬಾಹ್ಯಾಕಾಶ ನಿಲ್ದಾಣ ಅಪಾಯದಲ್ಲಿದೆ, ಹೊರಡೋಣವೆಂದು ಕೆಳಗಿನವನು ಎಚ್ಚರಿಸಿದರೆ ಒಪ್ಪುವುದಿಲ್ಲ. ಅವನನ್ನು ಕೊಲ್ಲುವುದು ತನ್ನ ಲೆಕ್ಕ ತಪ್ಪಲಾರದೆಂಬ ಅವನದೇ ಖಾತರಿ.

ಇದರಲ್ಲಿ ನಟನದೇನು, ಎಲ್ಲ ಇಂಗ್ಲಿಷ್ ಉಚ್ಚಾರಣೆಯ ಮಹಿಮೆ ಎಂಬ ಇನ್ನೊಂದು ವಾದವಿದೆ. ಹಾಲಿವುಡ್‌ಗೆ ಬ್ರಿಟಿಷ್ ದನಿಯ ಖಳರೆಂದರೆ ಹಳೆಯ ಒಲವು ನಿಜ. 1967ರ ‘ದಿ ಜಂಗಲ್ ಬುಕ್’ ಕಾರ್ಟೂನಿನ ಹುಲಿ ಶೇರ್ ಖಾನ್‌ಗೆ ಜಾರ್ಜ್ ಸ್ಯಾಂಡರ್ಸ್ ದನಿ, 1994ರ ‘ದಿ ಲಯನ್ ಕಿಂಗ್’ನ ಸ್ಕಾರ್‌ಗೆ ಜೆರೆಮಿ ಐರನ್ಸ್ ದನಿ, 1988ರ ‘ಡೈ ಹಾರ್ಡ್’ನಲ್ಲಿ ಖಳ ಜರ್ಮನ್, ಪಾತ್ರ ಸಿಕ್ಕಿದ್ದು ಲಂಡನ್ನಿನ ಅಲನ್ ರಿಕ್‌ಮನ್‌ಗೆ. ‘ಸ್ಟಾರ್ ವಾರ್ಸ್’ನ ಸಾಮ್ರಾಜ್ಯದ ಅಧಿಕಾರಿಗಳೂ ಹೆಚ್ಚಾಗಿ ಹಾಗೇ ಮಾತಾಡುತ್ತಾರೆ. ಸಾಮ್ರಾಜ್ಯವನ್ನು ಎದುರಿಸಿ ಹುಟ್ಟಿದ ದೇಶ ಆಳುವವರ ದನಿಯನ್ನು ಅನುಮಾನದಿಂದ ಕೇಳುವುದು ಸಹಜವೇ. ಆದರೆ ಉಚ್ಚಾರಣೆ ಪಾತ್ರ ಕೊಡಿಸೀತು, ಪಾತ್ರವನ್ನು ನಿಲ್ಲಿಸಲಾರದು. ಟಾರ್ಕಿನ್ ಸುತ್ತ ಮೇಜಿಗೆ ಕುಳಿತ ಅಧಿಕಾರಿಗಳಿಗೂ ಅದೇ ಉಚ್ಚಾರಣೆಯಿದೆ, ಅವರ ಹೆಸರು ಎಷ್ಟು ಜನರಿಗೆ ನೆನಪಿದೆ? ಅದೇ ದನಿಯಲ್ಲಿ ವ್ಯಾನ್ ಹೆಲ್ಸಿಂಗ್ ಮಾತಾಡಿದಾಗ ನಮಗೆ ಧೈರ್ಯ ಬರುತ್ತದೆ, ಹೋಮ್ಸ್ ಮಾತಾಡಿದಾಗ ಭರವಸೆ ಬರುತ್ತದೆ. ದನಿಗೆ ತನ್ನದೇ ಆದ ನೀತಿಯಿಲ್ಲ.

ಗಂಭೀರವಾದ ಆಕ್ಷೇಪ ಇನ್ನೊಂದು. ಖಳನನ್ನು ಹೀಗೆ ಸುಸಂಸ್ಕೃತನನ್ನಾಗಿ, ದಕ್ಷನನ್ನಾಗಿ ತೋರಿಸಿದರೆ ಜನ ಅವನನ್ನು ಮೆಚ್ಚತೊಡಗುವುದಿಲ್ಲವೇ? ಸ್ವಲ್ಪ ಮೆಚ್ಚುತ್ತಾರೆ, ಅಲ್ಲಗಳೆಯಲಾಗದು. 6 ಚಿತ್ರಗಳಷ್ಟು ಕಾಲ ಜನ ಬ್ಯಾರನ್‌ನನ್ನು ನೋಡಲು ಟಿಕೆಟ್ ಕೊಂಡದ್ದು ಅವನಿಗೆ ಶಿಕ್ಷೆಯಾಗಲೆಂದಷ್ಟೇ ಅಲ್ಲ. ಆದರೆ ಮೆಚ್ಚಿಗೆಯ ಅಪಾಯ ಸಿನಿಮಾ ಹುಟ್ಟಿಸಿದ್ದಲ್ಲ, ಸಾಮರ್ಥ್ಯಕ್ಕೆ ಮಾರುಹೋಗುವುದು ನಮ್ಮ ದಿನನಿತ್ಯದ ದೌರ್ಬಲ್ಯ. ಕೆಟ್ಟವರು ಕೆಟ್ಟವರಂತೆಯೇ ಕಾಣುತ್ತಾರೆಂದು ಕಲಿಸುವ ಚಿತ್ರ ಆ ದೌರ್ಬಲ್ಯವನ್ನು ಮುಚ್ಚಿಡುತ್ತದೆ. ಕುಶಿಂಗ್‌ರ ಚಿತ್ರ ಅದನ್ನು ಬಯಲಿಗೆಳೆಯುತ್ತದೆ. ಬ್ಯಾರನ್‌ನ ಸುತ್ತ ಯಾವಾಗಲೂ ಒಬ್ಬ ಸಹಾಯಕನಿರುತ್ತಾನೆ, ಬುದ್ಧಿವಂತ, ಮನಸ್ಸಿನಲ್ಲಿ ಒಳ್ಳೆಯವನು, ಗುರುವಿನ ಪ್ರತಿಭೆಗೆ ಸೋತು ಕತ್ತಿ ಹಿಡಿದುಕೊಡುವವನು. ಅವನ ಜಾಗದಲ್ಲಿ ನಮ್ಮನ್ನು ಇಡಲೆಂದೇ ಅವನಿದ್ದಾನೆ. 1971ರ ‘ಟ್ವಿನ್ಸ್ ಆಫ್ ಈವಿಲ್’ನಲ್ಲಂತೂ ಕುಶಿಂಗ್ ದೇವರ ಹೆಸರಲ್ಲಿ ಹುಡುಗಿಯರನ್ನು ಮಾಟಗಾತಿಯರೆಂದು ಸುಡುವ ಗುಂಪಿನ ಮುಖಂಡ ಗುಸ್ತಾವ್ ವೇಲ್. ಆ ಕಥೆಯಲ್ಲಿ ಪಿಶಾಚಿಗಳು ನಿಜವಾಗಿ ಇವೆ, ಆದರೂ ಅವನ ಬೆಂಕಿ ನಿರಪರಾಧಿಗಳನ್ನು ಸುಡುತ್ತದೆ. ಅವನ ಭಕ್ತಿ ನಟನೆಯಾಗಿ ಕಂಡಿದ್ದರೆ ಅವನೊಬ್ಬ ಡೋಂಗಿ ಎಂದು ತಳ್ಳಿಹಾಕಬಹುದಿತ್ತು. ಅದು ನಿಜವಾದ ಭಕ್ತಿಯೆಂಬಂತೆ ಕುಶಿಂಗ್ ಆಡಿದ್ದರಿಂದ ಆ ದಾರಿ ಮುಚ್ಚಿತು. ಮರುವರ್ಷ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’ನಲ್ಲಿ ಅವರು ಕಸದಲ್ಲಿ ಸಿಕ್ಕ ಆಟಿಕೆಗಳನ್ನು ರಿಪೇರಿ ಮಾಡಿ ಮಕ್ಕಳಿಗೆ ಕೊಡುವ ವೃದ್ಧ ಗ್ರಿಮ್ಸ್‌ಡೈಕ್ ಆದರು. ಹೆಣ ಹೊಲಿದ ಬೆರಳುಗಳ ಜಾಣ್ಮೆಯೇ ಆ ಬೊಂಬೆ ರಿಪೇರಿಯಲ್ಲೂ ಇದೆ. ಎದುರು ಮನೆಯ ಸಿರಿವಂತರ ಕಿರುಕುಳಕ್ಕೆ ಅವನು ಬಲಿಯಾಗುವುದನ್ನು ನೋಡುವುದು ಕಷ್ಟ.

ಕುಶಿಂಗ್ 1994ರಲ್ಲಿ ತೀರಿಕೊಂಡರು. 2016ರ ‘ರೋಗ್ ಒನ್’ ಚಿತ್ರದಲ್ಲಿ ಟಾರ್ಕಿನ್ ಮತ್ತೆ ಬಂದ: ಗೈ ಹೆನ್ರಿ ಎಂಬ ನಟ ಅಭಿನಯಿಸಿದರು, ಅವರ ಮುಖದ ಮೇಲೆ ಕಂಪ್ಯೂಟರ್ ಕುಶಿಂಗ್‌ರ ಮುಖವನ್ನು ಕೂರಿಸಿತು. ಸತ್ತವರ ರೂಪದ ಹಕ್ಕು ಯಾರದೆಂಬ ಪ್ರಶ್ನೆ ಲಂಡನ್ನಿನ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ನಟನೆಯ ದೃಷ್ಟಿಯಿಂದ ಅದೊಂದು ಪರೀಕ್ಷೆ. ಕೆನ್ನೆಯ ಗುಳಿ, ಮೂಗಿನ ಚೂಪು, ಕಣ್ಣಿನ ತಣ್ಣನೆಯ ನೋಟ ಎಲ್ಲ ಬಂತು; ಇಷ್ಟೇ ಸಾಕಿದ್ದರೆ ಮುಖವೇ ಖಳನೆಂಬ ವಾದ ಗೆಲ್ಲುತ್ತಿತ್ತು. ಆದರೆ ಆ ರೂಪ ಟಾರ್ಕಿನ್‌ನನ್ನು ನೆನಪಿಸಿತೇ ಹೊರತು ಅವನ ಬಗ್ಗೆ ಹೊಸದೇನನ್ನೂ ಹೇಳಲಿಲ್ಲ. ಮೇಕಪ್ಪೂ ಒಂದು ಮುಖವಾಡವೇ, ಇದರಲ್ಲೇನು ವ್ಯತ್ಯಾಸ ಎಂದು ಕೇಳಬಹುದು. ಮೇಕಪ್ಪಿನ ಕೆಳಗಿರುವ ನಟ ಸ್ವಂತ ತೀರ್ಮಾನಗಳನ್ನು ಮಾಡುತ್ತಾನೆ. ಇಲ್ಲಿ ಹೆನ್ರಿಯವರ ಮೇಲಿದ್ದ ಹೊಣೆ ಇನ್ನೊಬ್ಬರ ತೀರ್ಮಾನಗಳಿಗೆ ನಿಷ್ಠರಾಗಿರುವುದು. ಮೇಣದಬತ್ತಿಯ ಕಂಬಗಳನ್ನು ಅಡ್ಡ ಹಿಡಿಯೋಣವೆಂದು ಚಿತ್ರೀಕರಣದ ಹೊತ್ತಿಗೆ ಹೊಳೆಯುವುದು ಮುಖದ ಅಚ್ಚಿಗಲ್ಲ.

ಪೋಷಕ ನಟರನ್ನು, ಅದರಲ್ಲೂ ಖಳರನ್ನು, ಅಳೆಯಲು ನಾವು ಬಳಸುವ ಮಾಪು ಹಳೆಯದು: ಎಷ್ಟು ಹೆದರಿಸಿದ, ಎಷ್ಟು ದ್ವೇಷ ಗಳಿಸಿದ. ಕುಶಿಂಗ್‌ರ ಬದುಕಿನ ಕೆಲಸ ಬೇರೆ ಪ್ರಶ್ನೆಯನ್ನು ಕೇಳಿಸುತ್ತದೆ: ಈ ಮನುಷ್ಯ ತಾನು ಮಾಡುತ್ತಿರುವುದನ್ನು ಎಷ್ಟು ಚೆನ್ನಾಗಿ ಬಲ್ಲ, ಅವನನ್ನು ತಡೆಯಬೇಕಾದದ್ದು ಎಲ್ಲಿ ತಪ್ಪಿಹೋಯಿತು? ಖಳನ ಪಾತ್ರ ಬರೆಯುವವರೂ ಆಡುವವರೂ ಅವನ ದುಷ್ಟತನದ ಕಾರಣ ಹುಡುಕುವ ಮೊದಲು ಅವನ ಕಸುಬು ಯಾವುದೆಂದು ಕೇಳಿಕೊಳ್ಳುವುದು ಒಳ್ಳೆಯದು. ಕಸುಬು ಸಿಕ್ಕರೆ ದುಷ್ಟತನವನ್ನು ಬೇರೆಯಾಗಿ ತೋರಿಸಬೇಕಾಗಿಲ್ಲ. ನೋಡುವ ನಮಗೂ ಅದರಿಂದ ಲಾಭವಿದೆ. ಒಬ್ಬನ ದಕ್ಷತೆ ಕಂಡೊಡನೆ ಅವನು ಒಳ್ಳೆಯವನೆಂದು ಒಪ್ಪಿಬಿಡುವ ನಮ್ಮ ಆತುರವನ್ನು, ಉಪದೇಶದ ಒಂದು ಮಾತೂ ಆಡದೆ, ಈ ಪಾತ್ರಗಳು ಪ್ರಶ್ನಿಸುತ್ತಲೇ ಇರುತ್ತವೆ.